ಹತ್ತು ನಿಮಿಷದ ಬೆಂಚು

ಫೆಬ್ರವರಿ 3

ಅಕ್ಕ,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ನಿನಗೆ ಗಾಬರಿಯಾಗಿರುತ್ತದೆ. ಯಾರೂ ಸತ್ತಿಲ್ಲ, ಅದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ. ವರ್ಷಕ್ಕೊಂದು ಫೋನು ಮಾಡುವ ತಮ್ಮ ಇದ್ದಕ್ಕಿದ್ದಂತೆ ಕಾಗದ ಬರೆದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಫೋನಿನಲ್ಲಿ ನಿನಗೆ ಅರ್ಧ ಮಾತು ಕೇಳಿಸುವುದಿಲ್ಲ, ಉಳಿದರ್ಧವನ್ನು ಭಾವ ಪಕ್ಕದಲ್ಲಿ ನಿಂತು ಕೂಗಿ ಹೇಳಬೇಕು. ಈ ವಿಷಯವನ್ನು ಅವರ ಬಾಯಿಂದ ಕೂಗಿಸಲು ನನಗೆ ಮನಸ್ಸಾಗಲಿಲ್ಲ.

ನಾನೂ ನನ್ನ ಹೆಂಡತಿಯೂ ಬೇರೆಯಾಗಿ ಹತ್ತು ತಿಂಗಳಾಯಿತು. ಹೊಡೆದಾಟ ಬಡಿದಾಟ ಏನಿಲ್ಲ. ನನ್ನ ಕೆಲಸ ನಿನಗೆ ಗೊತ್ತು. ಊರಿನ ಯಾವ ಲಿಫ್ಟು ಯಾವ ಎರಡು ಮಹಡಿಗಳ ನಡುವೆ ನಿಂತರೂ ನನ್ನ ಫೋನು ಬಡಿದುಕೊಳ್ಳುತ್ತದೆ. ಲಿಫ್ಟಿನಲ್ಲಿ ಸಿಕ್ಕಿಕೊಂಡವರನ್ನು ಬಿಡಿಸಲು ಓಡುವವನಿಗೆ ಮನೆಯಲ್ಲಿ ಸಿಕ್ಕಿಕೊಂಡವಳು ಕಾಣಲಿಲ್ಲ ಎಂದು ಅವಳು ಒಂದು ದಿನ ಹೇಳಿದಳು. ಮಾತು ಚೆನ್ನಾಗಿದೆ ಎಂದು ನಾನು ನಕ್ಕುಬಿಟ್ಟೆ. ಆ ನಗು ನನಗೆ ತುಂಬಾ ದುಬಾರಿಯಾಯಿತು.

ಈಗ ಕೇಸು ಕುಟುಂಬ ನ್ಯಾಯಾಲಯದಲ್ಲಿದೆ. ಮಕ್ಕಳಿಬ್ಬರೂ ಸದ್ಯಕ್ಕೆ ಅವಳ ಹತ್ತಿರ ಇದ್ದಾರೆ, ನನಗೆ ಭಾನುವಾರ ಮಾತ್ರ. ಮಗಳಿಗೆ ಹತ್ತು ವರ್ಷ, ಮನೆಯಲ್ಲೆಲ್ಲ ಅವಳನ್ನು ಟೀಚರಮ್ಮ ಅನ್ನುತ್ತೇವೆ. ಯಾಕೆ ಅಂತ ಐದು ನಿಮಿಷ ಅವಳ ಜೊತೆ ಕೂತರೆ ನಿನಗೇ ಗೊತ್ತಾಗುತ್ತದೆ. ಮಗ ಗುಬ್ಬಿಗೆ ಐದು ತುಂಬಿತು. ಇಬ್ಬರೂ ನನಗೇ ಬೇಕು ಅಂತ ನಾನು ಅರ್ಜಿ ಹಾಕಿದೆ, ಅವಳೂ ಹಾಕಿದಳು. ಎಳೆದಾಡಿ ಎಳೆದಾಡಿ ಎಲ್ಲರಿಗೂ ಸಾಕಾಗಿದೆ. ಈಗ ವಕೀಲರು ಒಂದು ದಾರಿ ಹೇಳುತ್ತಿದ್ದಾರೆ: ದೊಡ್ಡವಳು ನನಗೆ, ಚಿಕ್ಕವನು ಅವಳಿಗೆ. ಅವಳೂ ಅರ್ಧ ಮನಸ್ಸಿನಿಂದ ಒಪ್ಪಿದಂತಿದೆ.

ಆದರೆ ಒಡಹುಟ್ಟಿದವರನ್ನು ಬೇರೆ ಬೇರೆ ಮನೆಗೆ ಹಾಕಲು ನ್ಯಾಯಾಧೀಶರು ಸುಲಭಕ್ಕೆ ಒಪ್ಪುವುದಿಲ್ಲವಂತೆ. ನಮ್ಮಿಬ್ಬರ ಕಥೆ ಮಾತಿನ ನಡುವೆ ಬಂದಾಗ ನನ್ನ ವಕೀಲರು ಕುರ್ಚಿಯಲ್ಲಿ ಮುಂದಕ್ಕೆ ಬಂದು ಕೂತರು. ನೀನು ಅಪ್ಪನ ಹತ್ತಿರ, ನಾನು ಅಮ್ಮನ ಹತ್ತಿರ ಬೆಳೆದೆವು. ಇಬ್ಬರೂ ದುಡಿದು ತಿನ್ನುತ್ತಿದ್ದೇವೆ, ಯಾರೂ ಕೆಟ್ಟುಹೋಗಲಿಲ್ಲ. ಅದನ್ನೇ ನೀನು ಒಂದು ಪುಟ ಬರೆದು ಸಹಿ ಮಾಡಿ ಕಳಿಸಿದರೆ ಕೋರ್ಟಿಗೆ ಕೊಡಬಹುದು ಅಂದರು.

ನಮಗೇನೂ ಆಗಲಿಲ್ಲ, ಅಲ್ಲವಾ ಅಕ್ಕ? ಅಷ್ಟು ಬರೆದುಕೊಟ್ಟರೆ ಮಗಳು ನನಗೆ ಸಿಗುತ್ತಾಳೆ.

ನಿನ್ನ ತಮ್ಮ


ಫೆಬ್ರವರಿ 16

ತಮ್ಮನಿಗೆ,

ಕಾಗದ ತಲುಪಿತು. ಎರಡು ಸಲ ಓದಿದೆ. ನಿನ್ನ ಅಕ್ಷರ ಇನ್ನೂ ಸುಧಾರಿಸಿಲ್ಲ.

ಬೇರೆಯಾಗಿ ಹತ್ತು ತಿಂಗಳಾದ ಮೇಲೆ, ನನ್ನ ಸಹಿ ಬೇಕಾದಾಗ ತಿಳಿಸಿದ್ದೀಯ. ಇರಲಿ. ನಾನೂ ನಿನ್ನನ್ನು ಹತ್ತು ತಿಂಗಳು ಕೇಳಲಿಲ್ಲವಲ್ಲ, ಸರಿಗೆ ಸರಿಯಾಯಿತು.

ನಾನು ಬಾಟಲಿ ಕಾರ್ಖಾನೆಯಲ್ಲೇ ಇದ್ದೇನೆ, ಅದೇ ದೀಪದ ಮುಂದೆ. ಗಾಜಿನ ಬಾಟಲಿಗಳು ಸಾಲಾಗಿ ಹಾದುಹೋಗುತ್ತವೆ, ಬಿರುಕು ಕಂಡರೆ ಒಂದು ಬೆರಳಲ್ಲಿ ಪಕ್ಕಕ್ಕೆ ತಳ್ಳಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಎಬ್ಬಿಸಿ ಬೇರೆಯವರನ್ನು ಕೂರಿಸುತ್ತಾರೆ. ಅದಕ್ಕಿಂತ ಹೆಚ್ಚು ಹೊತ್ತು ನೋಡಿದರೆ ಕಣ್ಣಿಗೆ ಎಲ್ಲ ಬಾಟಲಿಯೂ ಸರಿಯಾಗಿಯೇ ಕಾಣತೊಡಗುತ್ತದೆ. ಹೊಸದಾಗಿ ಸೇರಿದ ಹುಡುಗಿಯರು ಇದನ್ನು ನಂಬುವುದಿಲ್ಲ. ನಾಲ್ಕು ದಿನ ಕಳೆದ ಮೇಲೆ ನಂಬುತ್ತಾರೆ. ಎಡಗಿವಿ ಮಾತ್ರ ಪೂರ್ತಿ ಕೈಕೊಟ್ಟಿದೆ. ಎಡಗಡೆಯಿಂದ ಯಾರು ಬೈದರೂ ನನಗೆ ಹೊಗಳಿದ ಹಾಗೆಯೇ ಇರುತ್ತದೆ.

ಬರೆದುಕೊಡುವ ವಿಷಯ ಯೋಚಿಸುತ್ತೇನೆ. ನೀನು ಚಿಕ್ಕವನಿದ್ದೆ, ನಿನಗೆಷ್ಟು ನೆನಪಿದೆಯೋ ಗೊತ್ತಿಲ್ಲ. ಎರಡನೇ ಶನಿವಾರ ಮತ್ತು ನಾಲ್ಕನೇ ಶನಿವಾರ ಮಗು ಇನ್ನೊಬ್ಬರ ಮನೆಗೆ ಹೋಗಬೇಕು ಅಂತ ಕೋರ್ಟು ಹೇಳಿತ್ತು. ಅಪ್ಪ ಅಮ್ಮ ಇಬ್ಬರೂ ಲೆಕ್ಕದಲ್ಲಿ ಬಹಳ ನ್ಯಾಯವಂತರು. ಒಬ್ಬರಿಗೆ ಇಬ್ಬರು ಮಕ್ಕಳು, ಇನ್ನೊಬ್ಬರಿಗೆ ಖಾಲಿ ಮನೆ ಆಗುವುದು ಬೇಡವೆಂದು ಇಬ್ಬರನ್ನೂ ಒಂದೇ ಶನಿವಾರ ಅದಲುಬದಲು ಮಾಡಿದರು. ನಾನು ಅಮ್ಮನ ಮನೆಗೆ ಹೋದಾಗ ನೀನು ಅಪ್ಪನ ಮನೆಯಲ್ಲಿ. ನೀನು ವಾಪಸು ಬಂದಾಗ ನಾನು ಹೊರಟಾಗಿರುತ್ತಿತ್ತು. ನಡುವಿನ ಬಸ್ ನಿಲ್ದಾಣದಲ್ಲಿ ನಿಮ್ಮ ಬಸ್ಸು ಹತ್ತು ಗಂಟೆ ಹತ್ತು ನಿಮಿಷಕ್ಕೆ ಬರುತ್ತಿತ್ತು, ಅದೇ ಬಸ್ಸು ಹತ್ತು ಇಪ್ಪತ್ತಕ್ಕೆ ನನ್ನನ್ನು ಹತ್ತಿಸಿಕೊಂಡು ತಿರುಗುತ್ತಿತ್ತು. ಶೌಚಾಲಯದ ಪಕ್ಕದ ಸಿಮೆಂಟ್ ಬೆಂಚಿನ ಮೇಲೆ ನಾವು ಅಷ್ಟು ಹೊತ್ತು ಕೂರುತ್ತಿದ್ದೆವು. ಭಾನುವಾರ ಸಂಜೆ ಮತ್ತೆ ಅಷ್ಟೇ. ತಿಂಗಳಿಗೆ ನಲವತ್ತು ನಿಮಿಷ.

ಅಮ್ಮನ ಮೇಲೆ ನನಗೆ ಒಂದು ಸಿಟ್ಟು ಇವತ್ತಿಗೂ ಇದೆ. ನಿನ್ನ ಶೂ ಲೇಸು ಒಂದು ದಿನವೂ ಕಟ್ಟಿ ಕಳಿಸಲಿಲ್ಲ ಅವಳು. ಇದ್ದ ಹತ್ತು ನಿಮಿಷದಲ್ಲಿ ಐದು ನಿಮಿಷ ನಾನು ಬಗ್ಗಿ ನಿನ್ನ ಲೇಸು ಕಟ್ಟುವುದರಲ್ಲೇ ಹೋಗುತ್ತಿತ್ತು.

ಅಕ್ಕ


ಮಾರ್ಚ್ 8

ಅಕ್ಕ,

ಬೆಂಚು ನೆನಪಿದೆ. ಬೇರೆ ಹೆಚ್ಚೇನೂ ಇಲ್ಲ, ಬೆಂಚು ಮಾತ್ರ ಚೆನ್ನಾಗಿ ನೆನಪಿದೆ.

ಮಕ್ಕಳು ನನ್ನ ಹತ್ತಿರ ಇದ್ದ ಭಾನುವಾರ ಕೋರ್ಟಿನ ಕಡೆಯಿಂದ ಒಬ್ಬ ಅಧಿಕಾರಿ ಮೇಡಂ ಮನೆ ನೋಡಲು ಬಂದಿದ್ದರು. ಮಕ್ಕಳು ಎಲ್ಲಿ ಮಲಗುತ್ತಾರೆ, ಎಲ್ಲಿ ಓದುತ್ತಾರೆ, ನೆರೆಮನೆಯವರು ಹೇಗೆ ಎಂದೆಲ್ಲ ನೋಡಿ ವರದಿ ಬರೆಯುತ್ತಾರೆ. ಹಿಂದಿನ ದಿನ ಕೂತು ಮನೆ ತಿಕ್ಕಿದೆ. ಎರಡು ಹೊಸ ಹಲ್ಲುಜ್ಜುವ ಬ್ರಷ್ ತಂದು, ಪೊಟ್ಟಣದಿಂದ ತೆಗೆದು, ಒಂದು ಲೋಟದಲ್ಲಿ ಚೆಂದವಾಗಿ ನಿಲ್ಲಿಸಿದೆ. ಆ ಪುಣ್ಯಾತ್ಮರು ಸೀದಾ ಬಚ್ಚಲಿಗೆ ಹೋಗಿ ಬ್ರಷ್ಷನ್ನು ಬೆರಳಿನಿಂದ ಸವರಿ ನೋಡಿದರು. ಒಣಗಿ ಕಡ್ಡಿಯಾಗಿತ್ತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವರು ಬೈಯಲಿಲ್ಲ. ಸಿದ್ಧ ಮಾಡಿಟ್ಟಿದ್ದೀರಲ್ಲ, ಅದನ್ನೂ ಬರೆದುಕೊಳ್ಳುತ್ತೇನೆ ಅಂದರು.

ನನಗೆ ತಡೆಯಲಾಗಲಿಲ್ಲ. ಮೇಡಂ, ಇದನ್ನೆಲ್ಲ ನೋಡಿ ಯಾರಿಗೆ ಪ್ರೀತಿ ಜಾಸ್ತಿ ಅಂತ ಹೇಗೆ ಹೇಳುತ್ತೀರಿ ಅಂತ ಕೇಳಿಯೇಬಿಟ್ಟೆ. ಪ್ರೀತಿ ಅಳೆಯಲು ತಾನು ಬಂದಿಲ್ಲ, ಪ್ರೀತಿ ಇಲ್ಲದವರು ಇಷ್ಟು ತಿಂಗಳು ಕೋರ್ಟಿಗೆ ಅಲೆಯುವುದಿಲ್ಲ ಅಂದರು ಅವರು. ಯಾವ ಮನೆಯಲ್ಲಿ ಮಗುವಿನ ದಿನ ಕಡಿಮೆ ಅಲ್ಲಾಡುತ್ತದೆ ಎಂದು ನೋಡುವುದಷ್ಟೇ ಅವರ ಕೆಲಸವಂತೆ. ಬೆಳಗ್ಗೆ ಯಾರು ಎಬ್ಬಿಸುತ್ತಾರೆ, ಜ್ವರ ಬಂದರೆ ಯಾರು ರಜೆ ಹಾಕುತ್ತಾರೆ, ಶಾಲೆ ಎಷ್ಟು ದೂರ, ಹೀಗೆ. ಅಪ್ಪನಿಗಿಂತ ಅಮ್ಮ ಮೇಲು ಅಂತಲೋ, ದುಡ್ಡಿರುವವರು ಮೇಲು ಅಂತಲೋ ಕಣ್ಣು ಮುಚ್ಚಿ ಬರೆಯುವ ಹಾಗಿಲ್ಲವಂತೆ. ಆಮೇಲೆ ನನ್ನ ಮಗನ ಶೂ ಅಳತೆ ಎಷ್ಟು ಅಂತ ಕೇಳಿದರು.

ಒಂಬತ್ತು ಅಂದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಟೀಚರಮ್ಮ, "ಹನ್ನೊಂದು. ಎಡಗಾಲು ಸ್ವಲ್ಪ ದೊಡ್ಡದು, ಅದಕ್ಕೆ ಒಳಗೆ ಬಟ್ಟೆ ಇಡ್ಬಾರ್ದು" ಅಂದಳು. ಮೇಡಂ ಅದನ್ನೂ ಬರೆದುಕೊಂಡರು. ನನಗೆ ಅವಮಾನವೂ ಆಯಿತು, ಮಗಳ ಬಗ್ಗೆ ಹೆಮ್ಮೆಯೂ ಆಯಿತು.

ಈ ಮಗಳು ಮನೆಯಲ್ಲಿದ್ದರೆ ನಾನು ಮನುಷ್ಯನಾಗುತ್ತೇನೆ ಅಕ್ಕ. ಇಬ್ಬರೂ ಹೋದರೆ ನಾನು ಸಂಜೆ ಯಾರ ಮುಖ ನೋಡಲಿ? ಇದು ಸ್ವಾರ್ಥ ಅಂತ ನನಗೂ ಗೊತ್ತು.

ನೀನು ಅಪ್ಪನನ್ನು ಆರಿಸಿಕೊಂಡು ಹೋದೆ. ಯಾಕೆ ಅಂತ ನಾನು ಯಾವತ್ತೂ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ಚೆನ್ನಾಗಿದ್ದೆ ಅಂತ ಬರೆದರೆ ಸಾಕು.

ನಿನ್ನ ತಮ್ಮ


ಮಾರ್ಚ್ 21

ತಮ್ಮನಿಗೆ,

ಕೇಳಿದ ಕಾಗದ ಇದರೊಳಗಿದೆ. ನಿನ್ನ ವಕೀಲರಿಗೆ ಬೇಕಾದ ಹಾಗೆಯೇ ಬರೆದಿದ್ದೇನೆ: "ಹನ್ನೊಂದನೇ ವಯಸ್ಸಿನಲ್ಲಿ ನಾನು ತಂದೆಯ ಬಳಿಯೂ, ಆರು ವರ್ಷದ ನನ್ನ ತಮ್ಮ ತಾಯಿಯ ಬಳಿಯೂ ಇರುವಂತೆ ತೀರ್ಮಾನವಾಯಿತು. ನಮ್ಮ ನಮ್ಮ ಇಷ್ಟವನ್ನು ಕೇಳಿಯೇ ಹಾಗೆ ಮಾಡಲಾಯಿತು. ಇದರಿಂದ ನಮ್ಮಿಬ್ಬರಿಗೂ ಯಾವ ತೊಂದರೆಯೂ ಆಗಲಿಲ್ಲ. ನಾವು ಇಂದಿಗೂ ಅನ್ಯೋನ್ಯವಾಗಿದ್ದೇವೆ."

ಕೊನೆಯ ವಾಕ್ಯ ಬರೆಯುವಾಗ ಪೆನ್ನು ನಿಂತಿತು. ಶಾಯಿ ಮುಗಿದಿತ್ತು, ಬೇರೇನಿಲ್ಲ.

ಸಹಿ ಮಾಡುವ ಮುಂಚೆ ನಿನ್ನ ಭಾವನಿಗೆ ಓದಲು ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಕಾಗದ ವಾಪಸು ಕೊಟ್ಟು ನೀರು ಕುಡಿಯಲು ಎದ್ದುಹೋದರು.

ಮಕ್ಕಳಿಗೆ ಅತ್ತೆ ಕೇಳಿದಳು ಎಂದು ಹೇಳು. ಅತ್ತೆ ಯಾರು ಅಂತ ಅವರು ಕೇಳಿದರೆ ಅದನ್ನೂ ಹೇಳು.

ಅಕ್ಕ


ಏಪ್ರಿಲ್ 9

ಅಕ್ಕ,

ನಿನ್ನ ಋಣ ತೀರಿಸಲಾರೆ. ವಕೀಲರು ಕಾಗದ ಓದಿ ಮೇಜು ಕುಟ್ಟಿ, ಇನ್ನು ಚಿಂತೆ ಬೇಡ ಅಂದರು. 28ಕ್ಕೆ ವಿಚಾರಣೆ. ಅವತ್ತೇ ನಿನ್ನ ಹೇಳಿಕೆ ಕೊಡುತ್ತಾರೆ, ಅವತ್ತೇ ನ್ಯಾಯಾಧೀಶರು ಮಕ್ಕಳನ್ನು ತಮ್ಮ ಕೋಣೆಗೆ ಕರೆಸಿ ಒಬ್ಬೊಬ್ಬರನ್ನಾಗಿ ಮಾತಾಡಿಸುತ್ತಾರೆ. ಆ ಹೊತ್ತಿನಲ್ಲಿ ನಾವು ಅಪ್ಪ ಅಮ್ಮ ಹೊರಗಿರಬೇಕು.

ಮನಸ್ಸು ಹಗುರವಾಗಿದೆ, ಒಂದು ತಮಾಷೆ ಹೇಳುತ್ತೇನೆ. ಕಳೆದ ಭಾನುವಾರ ಮಕ್ಕಳು ಬಟ್ಟೆಯ ಬೀರುವಿನಲ್ಲಿ ಲಿಫ್ಟಾಟ ಆಡುತ್ತಿದ್ದರು. ಗುಬ್ಬಿ ಒಳಗೆ ಕೂತು ಮಹಡಿ ಎಣಿಸುತ್ತಾನೆ, ಟೀಚರಮ್ಮ ಹೊರಗಿನಿಂದ ಬಾಗಿಲು ತೆಗೆಯುತ್ತಾಳೆ. ನಾನು ಅಡುಗೆಮನೆಯಲ್ಲಿ ನಲ್ಲಿಯ ವಾಷರ್ ಬದಲಿಸುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಲಿಫ್ಟು ನಿಂತು ಕೋರ್ಟು ಶುರುವಾಯಿತು. ಟೀಚರಮ್ಮನೇ ನ್ಯಾಯಾಧೀಶರು. ಯಾರ ಜೊತೆ ಇರುತ್ತೀಯ ಅಂತ ಗಂಟಲು ದಪ್ಪ ಮಾಡಿಕೊಂಡು ಕೇಳಿದಳು. ಗುಬ್ಬಿ ಶುರುಮಾಡಿದ ನೋಡು, ಅಪ್ಪನ ಮನೆಯಲ್ಲಿ ಬೀರು ದೊಡ್ಡದು, ಅಮ್ಮನ ಮನೆಯಲ್ಲಿ ದಿಂಬು ಮೆತ್ತಗೆ, ಹೀಗೆ ಊರಿನ ಪುರಾಣವೆಲ್ಲ. ಅವಳು ತಡೆದು ಮೆಲ್ಲಗೆ ಹೇಳಿದಳು, "ಹಂಗೆಲ್ಲ ಹೇಳ್ಬಾರ್ದು. ಕೇಳಿದ್ದಕ್ಕೆ ಒಂದೇ ಮಾತಲ್ಲಿ ಹೇಳು. ಜಾಸ್ತಿ ಹೇಳಿದ್ರೆ ತಪ್ಪು ಬರ್ಕೊಳ್ತಾರೆ."

ನೀನು ಯಾರ ಹೆಸರು ಹೇಳುತ್ತೀಯ ಅಂತ ಅವನು ಕೇಳಿದ. ಅವಳು ಬಾಯಿ ಬಿಡಲಿಲ್ಲ. ಹೇಳು ಹೇಳು ಅಂತ ಪೀಡಿಸಿದ. ಆಗ ಅವಳು ಬೀರುವಿನ ಬಾಗಿಲು ಹಾಕಿ, ಎಷ್ಟನೇ ಮಹಡಿಗೆ ಹೋಗಬೇಕು ಅಂತ ಕೇಳಿದಳು. ಎಷ್ಟು ಗಟ್ಟಿ ಹುಡುಗಿ ನೋಡು. ನಿನ್ನದೇ ತಳಿ ಅನ್ನಿಸಿ ನಗು ಬಂತು.

28ರ ಮೇಲೆ ಬರೆಯುತ್ತೇನೆ.

ನಿನ್ನ ತಮ್ಮ


ಏಪ್ರಿಲ್ 14

ಕುಳ್ಳ,

ಮೊದಲು ಇದನ್ನು ಓದು, ಉಳಿದದ್ದು ಆಮೇಲೆ. ನಾನು ಬರೆದುಕೊಟ್ಟ ಕಾಗದವನ್ನು ಕೋರ್ಟಿಗೆ ಕೊಡಬೇಡ. ಅದರಲ್ಲಿ ನಮ್ಮ ವಯಸ್ಸು ಬಿಟ್ಟರೆ ಬೇರೇನೂ ನಿಜವಲ್ಲ. ವಕೀಲರು ಏನಾದರೂ ಅಂದುಕೊಳ್ಳಲಿ.

ಅಂಚೆಗೆ ಹಾಕುವ ದಿನ ನಿನ್ನ ಭಾವ ಒಂದೇ ಒಂದು ಮಾತು ಕೇಳಿದ್ದರು. "ಇದು ಯಾರ ಕಥೆ?" ಅಂದರು. ನನಗೆ ಕೇಳಿಸಲಿಲ್ಲ ಅಂತ ನಟಿಸಿದೆ. ಕಿವುಡುತನದಿಂದ ಅಷ್ಟಾದರೂ ಉಪಯೋಗವಿದೆ.

ನಿನ್ನ ಮಗಳು ಬೀರುವಿನ ಹತ್ತಿರ ಹೇಳಿದ ಮಾತು ತಮಾಷೆಯಲ್ಲ. ಅದನ್ನೇ ನಾನು ನಿನಗೆ ಹೇಳಿದ್ದೆ. ಕೋರ್ಟಿನ ಮೊಗಸಾಲೆಯಲ್ಲಿ ಹಸಿರು ಬಣ್ಣದ ಮರದ ಬೆಂಚಿತ್ತು, ನಿನ್ನ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ನೀನು ಬಾಯಿಬಡುಕ, ಒಂದು ಕೇಳಿದರೆ ಹತ್ತು ಹೇಳುತ್ತಿದ್ದೆ. ಒಳಗೆ ಹೋಗಿ ಮನೆಯ ರಾದ್ಧಾಂತವನ್ನೆಲ್ಲ ಒದರಿಬಿಡುತ್ತೀಯ ಅಂತ ನನಗೆ ಭಯ. ಅದಕ್ಕೆ ನಿನ್ನ ಕಿವಿಯಲ್ಲಿ ಹೇಳಿದೆ, ಕೇಳಿದ್ದಕ್ಕೆ ಒಂದೇ ಮಾತಲ್ಲಿ ಉತ್ತರ ಕೊಡು, ಜಾಸ್ತಿ ಹೇಳಬೇಡ ಅಂತ.

ಮೊದಲು ನನ್ನನ್ನೇ ಕರೆದರು. ಯಾರ ಜೊತೆ ಇರಲು ಇಷ್ಟ ಅಂತ ನ್ಯಾಯಾಧೀಶರು ಕೇಳಿದರು. ನನಗೆ ಅಮ್ಮ ಬೇಕಿತ್ತು ಕುಳ್ಳ. ಆಗಲೂ ಬೇಕಿತ್ತು, ಆಮೇಲೆ ಐದು ವರ್ಷ ದಿನಾ ಬೇಕಿತ್ತು. ಆದರೆ ನೀನು ಅಪ್ಪನ ಎದೆಯ ಮೇಲಲ್ಲದೆ ಬೇರೆಲ್ಲೂ ನಿದ್ದೆ ಮಾಡುತ್ತಿರಲಿಲ್ಲ. ನೀನು ಅಪ್ಪ ಅಂತಲೇ ಅನ್ನುತ್ತೀಯ, ಅದರಲ್ಲಿ ಅನುಮಾನವೇ ಇರಲಿಲ್ಲ ನನಗೆ. ನೀನಿರುವ ಮನೆಯಲ್ಲಿ ನಾನಿರಬೇಕು ಅಂತ ಅಪ್ಪ ಅಂದೆ. ಒಂದೇ ಮಾತು. ಅವರು ತಲೆಯಾಡಿಸಿ ಬರೆದುಕೊಂಡರು.

ಆಮೇಲೆ ನೀನು ಒಳಗೆ ಹೋಗಿ ಬಂದೆ. ಏನು ಹೇಳಿದೆ ಅಂತ ಕೇಳಿದೆ. ಅಮ್ಮ ಅಂದೆ ಅಂದಿ. ನಗುತ್ತಾ ಅಂದಿ. ನಾನು ನಿನ್ನ ತೋಳನ್ನು ಹಿಂಡಿ ಚಿವುಟಿದೆ, ನೀನು ಕಿಟಾರನೆ ಕಿರುಚಿದೆ. ನನ್ನನ್ನು ಬಿಟ್ಟು ಅಮ್ಮನ ಜೊತೆ ಹೋಗಲು ನಿನಗೆ ಎಷ್ಟು ಸಂತೋಷ ಅಂತ ನನಗೆ ಹೊಟ್ಟೆ ಉರಿದುಹೋಯಿತು.

ಮತ್ತೆ ಒಳಗೆ ಹೋಗಿ ಬದಲಾಯಿಸಬಹುದು ಅಂತ ನನಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ಆಗುತ್ತಿರಲಿಲ್ಲ. ನಾನು ತನ್ನ ಹೆಸರು ಹೇಳಿದೆ ಅಂತ ಗೊತ್ತಾಗಿ ಅಪ್ಪ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟರು. ಅಂಥವರ ಮುಂದೆ ಅದು ತಪ್ಪಾಗಿ ಬಂದ ಮಾತು ಅಂತ ಹೇಗೆ ಹೇಳಲಿ? ಅವರು ಸಾಯುವವರೆಗೂ ಹೇಳಲಿಲ್ಲ. ಅವರನ್ನು ನಾನು ಪ್ರೀತಿಯಿಂದಲೇ ನೋಡಿಕೊಂಡೆ, ಅದು ಸುಳ್ಳಲ್ಲ. ಆದರೆ ನಿನ್ನನ್ನು ಕ್ಷಮಿಸಲಿಲ್ಲ. ಆರು ವರ್ಷದ ಮಗುವಿನ ಮೇಲೆ ಮೂವತ್ತಮೂರು ವರ್ಷ ಮುಖ ಊದಿಸಿಕೊಂಡು ಕೂತೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ನಿನ್ನ ಮಗಳು ತಾನು ಯಾರ ಹೆಸರು ಹೇಳುತ್ತೇನೆ ಅಂತ ಯಾಕೆ ಬಾಯಿ ಬಿಡಲಿಲ್ಲ ಗೊತ್ತಾ? ಅವಳು ತಮ್ಮನ ಮನಸ್ಸಿನಲ್ಲಿ ಯಾರಿದ್ದಾರೆ ಅಂತ ಹುಡುಕುತ್ತಿದ್ದಾಳೆ. ತಪ್ಪಾಗಿ ಹುಡುಕುತ್ತಾಳೆ. ನಾನು ಬಿರುಕು ನೋಡುವ ಕೆಲಸದವಳು, ಇದು ನನಗೆ ಕಾಣುತ್ತದೆ.

ಅಕ್ಕ


ಏಪ್ರಿಲ್ 20

ಅಕ್ಕ,

ನಿನ್ನ ಕಾಗದ ಕೆಲಸದ ಜಾಗದಲ್ಲಿ ಕೈಗೆ ಸಿಕ್ಕಿತು. ಒಂಬತ್ತನೇ ಮಹಡಿಯ ಮೇಲೆ, ಲಿಫ್ಟಿನ ಮೋಟಾರು ಇರುವ ಕೋಣೆಯಲ್ಲಿ ಕೂತು ಓದಿದೆ. ಕೆಳಗೆ ಜನ ಬಟನ್ ಒತ್ತಿ ಒತ್ತಿ ಬೈಯುತ್ತಿದ್ದರು. ಅರ್ಧ ಗಂಟೆ ಬೈಯಲಿ ಅಂತ ಬಿಟ್ಟುಬಿಟ್ಟೆ.

ನಾನು ಒಳಗೆ ಏನು ಹೇಳಿದೆ ಅಂತ ನಿನಗೆ ಗೊತ್ತು. ಯಾಕೆ ಹೇಳಿದೆ ಅಂತ ನೀನು ಕೇಳಲಿಲ್ಲ, ಚಿವುಟಿದೆ. ಆ ವಾರವೆಲ್ಲ ನೀನು ಅಮ್ಮನ ಸ್ವೆಟರನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದೆ. ನಾನು ನೋಡಿದ್ದೆ. ಅಕ್ಕನಿಗೆ ಅಮ್ಮ ಬೇಕು ಅಂತ ನನಗೆ ಗೊತ್ತಿತ್ತು. ನ್ಯಾಯಾಧೀಶರು ಕೇಳಿದಾಗ ಅಕ್ಕನಿಗೆ ಅಮ್ಮ ಬೇಕು, ನಾನು ಅಕ್ಕನ ಜೊತೆ ಇರುತ್ತೇನೆ ಅಂತ ಹೇಳಬೇಕು ಅಂತ ಬಾಯಿಗೆ ಬಂತು. ಒಂದೇ ಮಾತಲ್ಲಿ ಹೇಳು ಅಂದಿದ್ದೆಯಲ್ಲ. ಹುಡುಕಿ ಹುಡುಕಿ ಒಂದು ಮಾತು ತೆಗೆದೆ. ಅಮ್ಮ ಅಂದೆ. ಸರಿಯಾಗಿ ಹೇಳಿದೆ ಅಂತಲೇ ನಗುತ್ತಾ ಬಂದೆ. ನಿನಗೆ ಸಂತೋಷವಾಗುತ್ತದೆ ಅಂದುಕೊಂಡಿದ್ದೆ.

ನೀನು ಅಪ್ಪ ಅಂದಿದ್ದೆ ಅಂತ ಮನೆಗೆ ಹೋದ ಮೇಲೆ ಗೊತ್ತಾಯಿತು. ನನ್ನಿಂದ ದೂರ ಹೋಗಬೇಕು ಅಂತಲೇ ಹಾಗೆ ಹೇಳಿದೆ, ಅದಕ್ಕೇ ಚಿವುಟಿದೆ ಅಂತ ನಾನು ಅರ್ಥ ಮಾಡಿಕೊಂಡೆ. ಆರು ವರ್ಷದವನ ಅರ್ಥ. ಅದನ್ನು ಬದಲಿಸಲು ಮತ್ತೆ ಯಾರೂ ಬರಲಿಲ್ಲ, ನಾನು ಹಾಗೇ ದೊಡ್ಡವನಾದೆ. ಅಪ್ಪ ಹೋದಾಗ ತಡವಾಗಿ ಬಂದದ್ದೂ ಅದಕ್ಕೇ. ನಿನ್ನ ಮನೆಯ ಬಾಗಿಲಲ್ಲಿ ನನಗೇನು ಕೆಲಸ ಅನ್ನಿಸಿತ್ತು.

ಇನ್ನೊಂದು ವಿಷಯ. ಅಮ್ಮನನ್ನು ಬೈಯಬೇಡ. ಅವಳು ಪ್ರತಿ ಸಲ ಎರಡು ಗಂಟು ಹಾಕಿ ಲೇಸು ಕಟ್ಟಿಯೇ ಕಳಿಸುತ್ತಿದ್ದಳು. ಬಸ್ಸು ನಿಲ್ದಾಣದ ತಿರುವಿಗೆ ಬಂದಾಗ ನಾನೇ ಬಿಚ್ಚಿಕೊಳ್ಳುತ್ತಿದ್ದೆ. ಲೇಸು ಬಿಚ್ಚಿದ್ದರೆ ನೀನು ನನ್ನ ಹತ್ತಿರ ಕೂರುತ್ತಿದ್ದೆ, ನನ್ನ ಕಾಲು ನಿನ್ನ ಮಡಿಲಲ್ಲಿರುತ್ತಿತ್ತು. ಇಲ್ಲದಿದ್ದರೆ ಆ ಕಡೆ ತಿರುಗಿ ಕೂರುತ್ತಿದ್ದೆ.

ಇಷ್ಟು ಓದಿ ಸಾಕೆನ್ನಿಸಿದರೆ ಕಾಗದವನ್ನು ಕೆಳಗಿಟ್ಟು ಆಮೇಲೆ ಓದು. ನಾನೂ ಹಾಗೇ ಬರೆಯುತ್ತಿದ್ದೇನೆ.

ಅವತ್ತು ಸಂಜೆ ನಿನ್ನ ಕಾಗದ ತೆಗೆದುಕೊಂಡು ನನ್ನ ಹೆಂಡತಿ ಕೆಲಸ ಮಾಡುವ ಔಷಧಿ ಅಂಗಡಿಗೆ ಹೋದೆ. ಒಂದು ವರ್ಷದಿಂದ ವಕೀಲರ ಮೂಲಕವೇ ನಮ್ಮ ಮಾತುಕತೆ. ನನ್ನನ್ನು ನೋಡಿ ಅವಳ ಮುಖ ಬಿಗಿಯಿತು. ಕಾಗದವನ್ನು ಗಲ್ಲಾದ ಮೇಲಿಟ್ಟೆ. ಗಿರಾಕಿಗಳಿಗೆ ಮಾತ್ರೆ ಕೊಡುತ್ತಾ, ನಡುನಡುವೆ ಓದಿದಳು. ಕೊನೆಯ ಪುಟಕ್ಕೆ ಬಂದಾಗ ಒಬ್ಬ ಮುದುಕರು ಕೆಮ್ಮಿನ ಔಷಧಿ ಕೇಳುತ್ತಾ ನಿಂತೇ ಇದ್ದರು, ಅವಳಿಗೆ ಅವರು ಕಾಣಲೇ ಇಲ್ಲ. ಕೊನೆಗೆ ನಾನೇ ಅವರನ್ನು ಕೂರಿಸಿದೆ.

ಆಮೇಲೆ ಅವಳು ಹೇಳಿದಳು, "ಇಬ್ರೂ ಒಟ್ಟಿಗಿರ್ಲಿ. ಯಾರ ಮನೇಲಿ ಅಂತ ಕೋರ್ಟೇ ತೀರ್ಮಾನ ಮಾಡ್ಲಿ. ನಂಗೆ ಸಿಗದಿದ್ರೂ ಪರವಾಗಿಲ್ಲ." ಒಣಗಿದ ಬ್ರಷ್ಷಿನವನು ನಾನು, ತೀರ್ಮಾನ ಎತ್ತ ಹೋಗುತ್ತದೆ ಅಂತ ನನಗೆ ಗೊತ್ತಿದೆ. ಆದರೂ ಹೂಂ ಅಂದೆ.

ನಿನ್ನ ಹೇಳಿಕೆ ಇದರೊಳಗೆ ವಾಪಸು ಇಟ್ಟಿದ್ದೇನೆ. ಹರಿದುಹಾಕುವುದೋ ಇಟ್ಟುಕೊಳ್ಳುವುದೋ ನಿನ್ನಿಷ್ಟ.

ಕುಳ್ಳ


ಜೂನ್ 11

ಅಕ್ಕ,

ತೀರ್ಪು ಬಂತು. ನಾನು ಅಂದುಕೊಂಡ ಹಾಗೇ ಬಂತು. ಶಾಲೆಯಿರುವ ದಿನಗಳಲ್ಲಿ ಇಬ್ಬರೂ ಅವಳ ಹತ್ತಿರ. ಶುಕ್ರವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ ನನ್ನ ಹತ್ತಿರ, ಶಾಲೆಯ ರಜೆಯಲ್ಲಿ ಅರ್ಧರ್ಧ. ಶಾಲೆ ಅವಳ ಮನೆಯಿಂದ ಎರಡು ರಸ್ತೆ ದೂರ, ನನ್ನ ಕೆಲಸಕ್ಕೆ ಹೊತ್ತು ಗೊತ್ತಿಲ್ಲ ಅಂತ ಕಾರಣ ಬರೆದಿದ್ದಾರೆ. ನನ್ನನ್ನು ಕೆಟ್ಟ ತಂದೆ ಅಂತ ಎಲ್ಲೂ ಬರೆದಿಲ್ಲ. ಅದೊಂದು ವಾಕ್ಯ ಇಲ್ಲದಿರುವುದನ್ನು ಮೂರು ಸಲ ಹುಡುಕಿ ಸಮಾಧಾನ ಮಾಡಿಕೊಂಡೆ. ಶುಕ್ರವಾರದಿಂದ ಭಾನುವಾರದವರೆಗೆ ಲಿಫ್ಟು ನೋಡಿಕೊಳ್ಳಲು ಕಂಪನಿಯಲ್ಲಿ ಇನ್ನೊಬ್ಬನನ್ನು ಒಪ್ಪಿಸಿದ್ದೇನೆ. ಇದನ್ನು ಎರಡು ವರ್ಷದ ಹಿಂದೆಯೇ ಮಾಡಬಹುದಿತ್ತು.

ವಿಚಾರಣೆಯ ದಿನದ ಬೆಳಗ್ಗೆ ಟೀಚರಮ್ಮನನ್ನು ಮೊಗಸಾಲೆಯ ಕೊನೆಗೆ ಕರೆದುಕೊಂಡು ಹೋಗಿ ಮಂಡಿಯೂರಿ ಕೂತೆ. ಒಂದೇ ಮಾತಲ್ಲಿ ಹೇಳಬೇಕಾಗಿಲ್ಲ, ತಮ್ಮನ ಮನಸ್ಸಿನಲ್ಲಿ ಏನಿದೆ ಅಂತ ಊಹಿಸಬೇಕಾಗಿಲ್ಲ, ನಿನ್ನ ಮನಸ್ಸಿನಲ್ಲಿರುವುದನ್ನೆಲ್ಲ ಹೇಳು ಅಂದೆ. ಅವಳು ನನ್ನನ್ನೇ ದಿಟ್ಟಿಸಿ, "ಎಲ್ಲಾನೂ?" ಅಂತ ಕೇಳಿದಳು. ಎಲ್ಲ ಅಂದೆ. ಆಮೇಲೆ ಅಳಲು ಶುರುಮಾಡಿದಳು. ಯಾರ ಹೆಸರು ಹೇಳಬೇಕು ಅಂತ ಎರಡು ತಿಂಗಳಿಂದ ಅವಳಿಗೆ ಸರಿಯಾಗಿ ಊಟ ಸೇರುತ್ತಿರಲಿಲ್ಲವಂತೆ. ನನಗದು ಗೊತ್ತೇ ಇರಲಿಲ್ಲ.

ಇಬ್ಬರನ್ನೂ ಒಟ್ಟಿಗೆ ಮಾತಾಡಿಸಿ ಅಂತ ನಾವಿಬ್ಬರೂ ಸೇರಿ ಕೇಳಿಕೊಂಡಿದ್ದೆವು. ಯಾರನ್ನೂ ಆರಿಸಬೇಕಿಲ್ಲ, ನಿಮ್ಮ ದಿನ ಹೇಗಿರುತ್ತದೆ ಅಂತ ಹೇಳಿ ಸಾಕು ಅಂದರಂತೆ ನ್ಯಾಯಾಧೀಶರು. ನಲವತ್ತು ನಿಮಿಷ ಒಳಗಿದ್ದರು. ಗುಬ್ಬಿ ಕೋರ್ಟಿನ ಲಿಫ್ಟಿನ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ನಮ್ಮಪ್ಪ ರಿಪೇರಿ ಮಾಡುತ್ತಾರೆ ಅಂತ ಹೇಳಿ ಬಂದಿದ್ದಾನೆ. ಈಗ ಅದೂ ನನ್ನ ತಲೆಗೆ ಬಂದಿದೆ.

ತೀರ್ಪಿನ ಕೊನೆಯಲ್ಲಿ ಒಂದು ಸಾಲಿದೆ. ನಾನೂ ಅವಳೂ ಸೇರಿ ಬರೆಯಿಸಿದ್ದು ಅದೊಂದೇ. ನಿನಗಾಗಿ ಹಾಗೇ ಎತ್ತಿ ಬರೆಯುತ್ತೇನೆ: "ಮಕ್ಕಳಿಬ್ಬರೂ ಯಾವ ಮನೆಗೆ ಹೋದರೂ ಒಟ್ಟಿಗೇ ಹೋಗತಕ್ಕದ್ದು, ಒಟ್ಟಿಗೇ ಹಿಂದಿರುಗತಕ್ಕದ್ದು."

ಕಳೆದ ಭಾನುವಾರ ಸಂಜೆ ಅವರನ್ನು ಬಿಟ್ಟುಬಂದೆ. ಮೆಟ್ಟಿಲು ಹತ್ತುವಾಗ ಟೀಚರಮ್ಮ ಅವನ ಕೈ ಹಿಡಿದುಕೊಂಡಿದ್ದಳು, ಅವನು ಬಿಡಿಸಿಕೊಳ್ಳಲು ಒದ್ದಾಡುತ್ತಿದ್ದ. ಮನೆಗೆ ಬಂದರೆ ಲೋಟದಲ್ಲಿ ಎರಡು ಬ್ರಷ್ ಇನ್ನೂ ಒದ್ದೆಯಿದ್ದವು. ಅಲ್ಲೇ ನಿಂತುಕೊಂಡು ಚೆನ್ನಾಗಿ ಅತ್ತೆ.

ಕುಳ್ಳ


ಜೂನ್ 17

ಕುಳ್ಳ,

ಆ ಸಾಲನ್ನು ನಿನ್ನ ಭಾವ ನನ್ನ ಬಲಗಿವಿಯಲ್ಲಿ ಗಟ್ಟಿಯಾಗಿ ಓದಿದರು. ನಾನು ಓದಿಯಾಗಿತ್ತು, ಆದರೂ ಓದಿ ಅಂದೆ. ಇನ್ನೊಂದು ಸಲ ಓದಿಸಿದೆ. ಪಕ್ಕದ ಮನೆಯವರು ಏನಾಯಿತು ಅಂತ ಬಂದು ವಿಚಾರಿಸಿಕೊಂಡು ಹೋದರು.

ಹಳೆಯ ಹೇಳಿಕೆಯನ್ನು ಹರಿದುಹಾಕಲಿಲ್ಲ. ಕೊನೆಯ ವಾಕ್ಯವೊಂದನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ, ಅನ್ಯೋನ್ಯವಾಗಿದ್ದೇವೆ ಅನ್ನುವುದನ್ನು. ಅದನ್ನು ನಿಜ ಮಾಡಲು ಇನ್ನೂ ಹೊತ್ತಿದೆ ಅನ್ನಿಸಿತು.

ಕಾರ್ಖಾನೆಯಲ್ಲಿ ನಾಲ್ಕು ದಿನ ರಜೆ ಕೇಳಿದೆ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಕೇಳಿದ್ದಕ್ಕೆ ಮೇಲ್ವಿಚಾರಕನಿಗೆ ನಾನು ಸಾಯುತ್ತಿದ್ದೇನೆ ಅಂತ ಅನುಮಾನ ಬಂತು. ತಮ್ಮನ ಮನೆಗೆ ಹೋಗುತ್ತಿದ್ದೇನೆ ಅಂದೆ. ನಿಮಗೆ ತಮ್ಮ ಇದ್ದಾನಾ ಅಂತ ಕೇಳಿದ. ಇದ್ದಾನೆ, ಆರಡಿ ಇದ್ದಾನೆ ಅಂದೆ.

ಶನಿವಾರ ಬರುತ್ತಿದ್ದೇನೆ, ಮಕ್ಕಳಿರುವ ದಿನ. ಟೀಚರಮ್ಮನಿಗೆ ಹೇಳು, ಅತ್ತೆಗೆ ಎಡಗಿವಿ ಕೇಳಿಸುವುದಿಲ್ಲ, ಪಾಠ ಬಲಗಡೆ ಕೂತು ಮಾಡಬೇಕು ಅಂತ. ಗುಬ್ಬಿಗೆ ಹನ್ನೊಂದರ ಅಳತೆಯ ಶೂ ತರುತ್ತಿದ್ದೇನೆ, ಎಡಗಾಲಿಗೆ ಸ್ವಲ್ಪ ಸಡಿಲ ಇರುವಂಥದ್ದನ್ನೇ ಹುಡುಕಿ ತಂದೆ.

ಊರೂರು ಸುತ್ತಿ ಬರುವ ಬಸ್ಸಾದರೂ ನಮ್ಮ ಹಳೆಯ ನಿಲ್ದಾಣದ ಮೇಲೆ ಬರುವುದನ್ನೇ ಹಿಡಿಯುತ್ತೇನೆ. ಮಕ್ಕಳನ್ನು ಕರೆದುಕೊಂಡು ನೀನು ಅಲ್ಲಿಗೇ ಬಾ. ಹತ್ತು ಗಂಟೆ ಹತ್ತು ನಿಮಿಷಕ್ಕೆ ಇಳಿಯುತ್ತೇನೆ. ಬೆಂಚು ಇದೆಯೋ ಇಲ್ಲವೋ, ಇಲ್ಲದಿದ್ದರೆ ಮೆಟ್ಟಿಲ ಮೇಲೆ ಕೂರೋಣ.

ಲೇಸು ಕಟ್ಟಿಕೊಂಡೇ ಬಾ. ಹತ್ತು ಇಪ್ಪತ್ತರ ಬಸ್ಸಿಗೆ ಯಾರೂ ಹತ್ತುವುದಿಲ್ಲ.

ಅಕ್ಕ